ಲಾನ್ಸ್: ಕಲ್ಲಿದ್ದಲು ಮುಗಿದ ಊರು, ತುಂಬುವ ಮೈದಾನ. ಪಂದ್ಯದ ಜೊತೆ ಇನ್ನೇನು ನೋಡಬಹುದು?

ಮೈದಾನದಂಚು:

ಉತ್ತರ ಫ್ರಾನ್ಸಿನ ಲಾನ್ಸ್‌ಗೆ ಒಂದು ಫುಟ್‌ಬಾಲ್ ಲೀಗ್ ಪಂದ್ಯ ನೋಡಲು ಹೋಗುವ ಯೋಚನೆ ಇದೆ. ಅಲ್ಲಿನ ಕ್ಲಬ್ ಆರ್‌ಸಿ ಲಾನ್ಸ್ ಬಗ್ಗೆ ಓದಿದಷ್ಟೂ ಒಂದು ಲೆಕ್ಕ ಮಾತ್ರ ತಲೆಗೆ ಹೋಗುತ್ತಿಲ್ಲ. ಊರಿನ ಜನಸಂಖ್ಯೆ 32 ಸಾವಿರದಷ್ಟು. ಮೈದಾನದಲ್ಲಿ ಜಾಗ ಇರುವುದು 38,223 ಜನಕ್ಕೆ. ಗಣಿಗಳೆಲ್ಲ ಮುಚ್ಚಿ ಮೂರು ದಶಕ ದಾಟಿದ ಮೇಲೂ ಅಲ್ಲಿ ಸೀಟು ತುಂಬುವುದು ಹೇಗೆ?

ಇನ್ನೂ ಕೆಲವು ಪ್ರಶ್ನೆ. ಫ್ರಾನ್ಸಿನ ಹಳೆಯ ದೊಡ್ಡ ಆಟಗಾರ ರೇಮಂಡ್ ಕೋಪಾ ಆಡಿ ಬೆಳೆದದ್ದು ಈ ಕ್ಲಬ್ಬಿನಲ್ಲೇ ಅಲ್ಲವೇ? ಪ್ಯಾರಿಸ್‌ನಿಂದ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರಲು ಆಗುತ್ತದೆಯೇ? ಗಣಿಯ ಕುರುಹು ಏನಾದರೂ ಉಳಿದಿದೆಯೇ, ಕೆಳಗೆ ಇಳಿದು ನೋಡಲು ಬಿಡುತ್ತಾರೆಯೇ? ಗೊತ್ತಿದ್ದವರು ದಯವಿಟ್ಟು ಸ್ವಲ್ಪ ವಿವರವಾಗಿಯೇ ಬರೆಯಿರಿ.

ಕಲ್ಲಿದ್ದಲಕಣ:

ಮೊದಲು ಲೆಕ್ಕ. 32 ಸಾವಿರ ಅನ್ನುವುದು ಲಾನ್ಸ್ ನಗರಸಭೆಯ ಗಡಿಯೊಳಗಿನ ಸಂಖ್ಯೆ ಅಷ್ಟೇ. ಅಲ್ಲಿ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ರಸ್ತೆಬದಿಯ ಬೋರ್ಡು ನೋಡಿಯೇ ತಿಳಿಯಬೇಕು. ಲಿಯೆವಾಂ, ಆವಿಯೋಂ, ಸಲ್ಲೋಮಿನ್, ಲೋಸ್-ಅನ್-ಗೊಯೆಲ್ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಲಾನ್ಸ್-ಲಿಯೆವಾಂ ಒಕ್ಕೂಟದ 36 ಊರು ಸೇರಿದರೆ ಜನಸಂಖ್ಯೆ ಎರಡು ಲಕ್ಷ ನಲವತ್ತು ಸಾವಿರದ ಆಸುಪಾಸು. ಇದಕ್ಕೆ ಕಾರಣವೂ ಗಣಿಯೇ. ಮನೆಗಳು ಊರಿನ ಚೌಕದ ಸುತ್ತ ಬೆಳೆಯಲಿಲ್ಲ, ಗಣಿಬಾವಿಗಳ ಸುತ್ತ ಬೆಳೆದವು. ಪ್ರತಿ ಬಾವಿಗೆ ಒಂದು ನಂಬರು, ಅದರ ಕೆಲಸಗಾರರ ಬಡಾವಣೆಗೂ ಅದೇ ನಂಬರು. ಎಷ್ಟು ಬಾವಿಯೋ ಅಷ್ಟು ಚಿಕ್ಕ ಊರುಗಳು, ಎಲ್ಲಕ್ಕೂ ಸೇರಿ ಒಂದೇ ದೊಡ್ಡ ಕ್ಲಬ್ಬು.

ಈಗ ಕ್ಲಬ್ಬಿನ ಬಗ್ಗೆ. "ಗಣಿ ಕಾರ್ಮಿಕರು ಕಟ್ಟಿದ ಕ್ಲಬ್" ಅಂತ ಎಲ್ಲ ಕಡೆ ಬರೆಯುತ್ತಾರೆ, ಅದು ಅರ್ಧ ನಿಜ. 1906ರಲ್ಲಿ ಇದನ್ನು ಶುರು ಮಾಡಿದ್ದು ಶಾಲೆಗೆ ಹೋಗುತ್ತಿದ್ದ ಹುಡುಗರು, ಪ್ಲಾಸ್ ವೆರ್ಟ್ ಅಂದರೆ ಹಸಿರು ಚೌಕದಲ್ಲಿ. ಮೊದಲ ಬಣ್ಣ ಹಸಿರು-ಕಪ್ಪು. ಹಸಿರು ಆ ಚೌಕದ್ದು, ಕಪ್ಪು ಕಲ್ಲಿದ್ದಲಿನದು. ಈಗಿನ ಕೆಂಪು-ಹಳದಿ, ಅವರ ಮಾತಿನಲ್ಲಿ "ರಕ್ತ ಮತ್ತು ಚಿನ್ನ", ಬಂದದ್ದು 1920ರ ದಶಕದಲ್ಲಿ. ಯುದ್ಧದಲ್ಲಿ ಹಾಳಾದ ಸೇಂಟ್ ಲೆಜೆ ಚರ್ಚಿನ ಮುಂದೆ ನಡೆದುಹೋಗುವಾಗ, ಈ ಸೀಮೆ ಒಂದು ಕಾಲಕ್ಕೆ ಸ್ಪೇನಿನ ಆಳ್ವಿಕೆಯಲ್ಲಿತ್ತು ಅನ್ನುವ ಮಾತು ಬಂದು, ಅಧ್ಯಕ್ಷರು ಸ್ಪೇನಿನ ಬಾವುಟದ ಬಣ್ಣವನ್ನೇ ಆರಿಸಿದರು ಅಂತ ಕಥೆ ಹೇಳುತ್ತಾರೆ. ಅಭಿಮಾನಿಗಳಿಗೆ ಮಾತ್ರ ರಕ್ತ ಅಂದರೆ ಗಣಿಯಲ್ಲಿ ಸುರಿದದ್ದೇ.

ಹಾಗನ್ನಲು ಕಾರಣ ಇದೆ. ಕ್ಲಬ್ ಹುಟ್ಟಿದ ಅದೇ ವರ್ಷ, 1906ರ ಮಾರ್ಚ್ 10ರಂದು, ಲಾನ್ಸ್‌ಗೆ ತಾಗಿದ ಕುರಿಯೇರ್ ಕಂಪನಿಯ ಗಣಿಗಳಲ್ಲಿ ಕಲ್ಲಿದ್ದಲ ಧೂಳು ಹೊತ್ತಿ 1,099 ಜನ ಸತ್ತರು. ಹದಿಮೂರು ಜನ ಇಪ್ಪತ್ತು ದಿನ ಕತ್ತಲಲ್ಲಿ ಅಲೆದು ತಾವಾಗಿಯೇ ಹೊರಗೆ ಬಂದರು, ಏಪ್ರಿಲ್ 4ಕ್ಕೆ ಇನ್ನೊಬ್ಬ ಸಿಕ್ಕ. ಯೂರೋಪಿನಲ್ಲಿ ಅಷ್ಟು ದೊಡ್ಡ ಗಣಿ ದುರಂತ ಇನ್ನೊಂದಿಲ್ಲ.

ಲಾನ್ಸ್‌ನದೇ ಗಣಿ ಕಂಪನಿ ಕ್ಲಬ್ಬಿನ ಮೇಲೆ ಕೈ ಇಟ್ಟದ್ದು ಆಮೇಲೆ. ಮೊದಲ ಮಹಾಯುದ್ಧದಲ್ಲಿ ಲಾನ್ಸ್ ನಾಲ್ಕು ವರ್ಷ ಜರ್ಮನ್ನರ ವಶದಲ್ಲಿದ್ದು ನೆಲಸಮವಾಯಿತು, ಗಣಿಗಳಿಗೆ ನೀರು ನುಗ್ಗಿಸಿದ್ದರು. ನೀರು ಎತ್ತಿ, ಊರು ಕಟ್ಟಿ, ಕೆಲಸಕ್ಕೆ ಪೋಲೆಂಡಿನಿಂದಲೂ ಜರ್ಮನಿಯ ರೂರ್ ಗಣಿಗಳಿಂದಲೂ ಸಾವಿರಾರು ಪೋಲಿಷ್ ಕುಟುಂಬಗಳನ್ನು ಕರೆತಂದ ಮೇಲೆ, ಕೆಲಸಗಾರರ ಬಿಡುವಿನ ವೇಳೆಯೂ ಕಂಪನಿಯ ಕಣ್ಣಳತೆಯಲ್ಲೇ ಇರಬೇಕು ಅನ್ನುವ ಯೋಚನೆ ಬಂತು. ಮನೆ, ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಕಂಪನಿಯದೇ. ಫುಟ್‌ಬಾಲ್ ಅದಕ್ಕೆ ಸೇರಿದ ಇನ್ನೊಂದು ಬಾಬತ್ತು. ಆರ್ಥಿಕ ಕುಸಿತದ ವರ್ಷಗಳಲ್ಲಿ ಕೆಲಸವಿಲ್ಲದೆ ಕೂತಿದ್ದ ಗಣಿಗಾರರಿಂದಲೇ ಮಣ್ಣು ಹೊರಿಸಿ ಮೈದಾನ ಕಟ್ಟಿಸಿದರು, 1933ರಲ್ಲಿ ತೆರೆಯಿತು. ಅದಕ್ಕೆ ಇಟ್ಟ ಹೆಸರು ಕಂಪನಿಯ ವಾಣಿಜ್ಯ ನಿರ್ದೇಶಕ ಫೆಲಿಕ್ಸ್ ಬೊಲ್ಲಾರ್ಟ್‌ದು. 1934ರಲ್ಲಿ ಕ್ಲಬ್ ವೃತ್ತಿಪರವಾಯಿತು.

ಆಟಗಾರನಿಗೆ ಇದರಿಂದ ಸಿಗುತ್ತಿದ್ದದ್ದು ಮುಖ್ಯವಾಗಿ ಗಣಿಯಲ್ಲೊಂದು ಕೆಲಸ. ಅಲ್ಲಿ ಕೆಲಸದಲ್ಲಿ ಎರಡೇ ಜಾತಿ, "ತಳ" ಮತ್ತು "ಹಗಲು". ತಳ ಅಂದರೆ ಸುರಂಗದೊಳಗೆ, ಹಗಲು ಅಂದರೆ ಮೇಲೆ, ವರ್ಕ್‌ಶಾಪಿನಲ್ಲೋ ಆಫೀಸಿನಲ್ಲೋ. ಚೆನ್ನಾಗಿ ಆಡುವ ಹುಡುಗನಿಗೆ ಚೆಂಡು ಕೊಡಿಸುತ್ತಿದ್ದ ದೊಡ್ಡ ಬಹುಮಾನ ತಳದಿಂದ ಹಗಲಿಗೆ ಬಡ್ತಿ. ಶ್ವಾಸಕೋಶದಲ್ಲಿ ಧೂಳು ಕೂತು ಬರುವ ಸಿಲಿಕೋಸಿಸ್ ಅನ್ನು ಫ್ರಾನ್ಸ್ ವೃತ್ತಿಕಾಯಿಲೆ ಅಂತ ಒಪ್ಪಿಕೊಂಡದ್ದೇ 1945ರಲ್ಲಿ. ಅದಕ್ಕೆ ಮೊದಲಿನ ದಿನಗಳಲ್ಲಿ ಈ ಬಡ್ತಿಯ ಬೆಲೆ ಏನು ಅಂತ ನೀವೇ ಯೋಚಿಸಿ. ಆ ಪೀಳಿಗೆಯ ದೊಡ್ಡ ಹೆಸರು ಸ್ತೆಫಾನ್ ಡೆಂಬಿಸ್ಕಿ, ಎಲ್ಲರ ಬಾಯಲ್ಲಿ "ಸ್ತಾನಿಸ್". ರೂರ್‌ನಲ್ಲಿ ಹುಟ್ಟಿದ ಪೋಲಿಷ್ ಗಣಿಗಾರ. 1942ರ ಡಿಸೆಂಬರ್‌ನಲ್ಲಿ ಫ್ರೆಂಚ್ ಕಪ್ಪಿನ ಪಂದ್ಯವೊಂದರಲ್ಲಿ ಲಾನ್ಸ್ 32–0 ಗೆದ್ದಾಗ 16 ಗೋಲು ಇವನೊಬ್ಬನದೇ.

ಯುದ್ಧದ ನಂತರ ಗಣಿಗಳು ರಾಷ್ಟ್ರೀಕರಣವಾದವು, ಸರ್ಕಾರಿ ಗಣಿ ಸಂಸ್ಥೆಯೂ ಕ್ಲಬ್ಬನ್ನು ಸಾಕಿತು. 1956, 1957 ಎರಡೂ ವರ್ಷ ಲೀಗಿನಲ್ಲಿ ಎರಡನೇ ಸ್ಥಾನ. ಆದರೆ ಈ ಸೀಮೆಯ ಕಲ್ಲಿದ್ದಲ ಪದರಗಳು ತೆಳು, ಮುರಿದು ಮಡಚಿಕೊಂಡವು, ತೆಗೆಯುವ ಖರ್ಚು ಜಾಸ್ತಿ. 1960ರಲ್ಲಿ ಸರ್ಕಾರದ ಜಾನೆನೆ ಯೋಜನೆ ಉತ್ಪಾದನೆ ಇಳಿಸಲು ಶುರು ಮಾಡಿತು. 1968ರಲ್ಲಿ ತಂಡ ಎರಡನೇ ದರ್ಜೆಗೆ ಇಳಿಯಿತು, 1969ರಲ್ಲಿ ಗಣಿ ಸಂಸ್ಥೆ ಕೈ ಎತ್ತಿತು, ಕ್ಲಬ್ ವೃತ್ತಿಪರ ಸ್ಥಾನ ಬಿಟ್ಟುಕೊಟ್ಟಿತು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ. ಬೇರೆ ಎಷ್ಟೋ ಗಣಿ ಊರುಗಳಲ್ಲಿ ಕಂಪನಿ ಹೋದ ಕೂಡಲೇ ತಂಡವೂ ಹೋಯಿತು. ಲಾನ್ಸ್‌ನಲ್ಲಿ ಮೇಯರ್ ಆಂದ್ರೆ ಡೆಲೆಲಿಸ್ ನಗರಸಭೆಯನ್ನೇ ಕ್ಲಬ್ಬಿನ ಬೆನ್ನಿಗೆ ನಿಲ್ಲಿಸಿದರು. ಪೋಲೆಂಡಿನಿಂದ ಆಟಗಾರರಾದ ಫಾಬರ್, ಗ್ರೆಗೊರ್ಚಿಕ್ ಬಂದರು, 1973ಕ್ಕೆ ತಂಡ ಮತ್ತೆ ಮೊದಲ ದರ್ಜೆಗೆ ಏರಿತು. ಅಂದರೆ ಕೊನೆಯ ಬಾವಿ ಮುಚ್ಚುವ ಹೊತ್ತಿಗೆ ಕ್ಲಬ್ ಕಂಪನಿಯ ಆಸ್ತಿಯಾಗಿ ಉಳಿದಿರಲಿಲ್ಲ, ಊರಿನದಾಗಿತ್ತು. 2012ರಲ್ಲಿ ಡೆಲೆಲಿಸ್ ತೀರಿಕೊಂಡ ಮೇಲೆ ಮೈದಾನ ಬೊಲ್ಲಾರ್ಟ್-ಡೆಲೆಲಿಸ್ ಆಯಿತು. ಕಂಪನಿಯವನ ಹೆಸರು, ಮೇಯರ್ ಹೆಸರು, ಎರಡೂ ಅಕ್ಕಪಕ್ಕ. ನನ್ನ ಮಟ್ಟಿಗೆ ಕ್ಲಬ್ಬಿನ ಚರಿತ್ರೆಗೆ ಇದಕ್ಕಿಂತ ಸರಿಯಾದ ಬೋರ್ಡು ಬರೆಯಲು ಆಗುವುದಿಲ್ಲ.

ಕೋಪಾ ಲಾನ್ಸ್‌ಗೆ ಆಡಲಿಲ್ಲ. ಈ ತಪ್ಪು ತುಂಬಾ ಕಡೆ ಇದೆ. ಅವರು ಹತ್ತಿರದ ನೊ-ಲೆ-ಮೀನ್‌ನವರು, ಮೂಲ ಹೆಸರು ಕೋಪಾಶೆವ್ಸ್ಕಿ. ಹದಿಹರೆಯದಲ್ಲೇ ಗಣಿಗೆ ಇಳಿದು, ಅಪಘಾತದಲ್ಲಿ ಎಡಗೈಯ ಬೆರಳು ಕಳೆದುಕೊಂಡರು. ಆಡಿದ್ದು ಊರಿನ ತಂಡಕ್ಕೆ, ಅಲ್ಲಿಂದ ಸೀದಾ ಆಂಜೆ, ಆಮೇಲೆ ರೀಮ್ಸ್, ರಿಯಲ್ ಮ್ಯಾಡ್ರಿಡ್. 1958ರ ಬಾಲನ್ ಡಿ'ಓರ್, ಅಂದರೆ ಯೂರೋಪಿನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ, ಅವರದು. ಪಕ್ಕದಲ್ಲೇ ಇದ್ದ ಹುಡುಗ ಲಾನ್ಸ್‌ನ ಕೈತಪ್ಪಿದ, ಅಷ್ಟೇ.

ಹಳಿಗುಂಟ:

ಕಣ ಅವರು ಚರಿತ್ರೆ ಹೇಳಿಯಾಯಿತು, ನಾನು ಪ್ರಯಾಣದ ವಿಷಯ ಹೇಳುತ್ತೇನೆ.

ಎಲ್ಲರೂ ಮಾಡುವ ತಪ್ಪು ರೈಲು ಟಿಕೆಟ್ ಮೊದಲು ತೆಗೆಯುವುದು. ಫ್ರೆಂಚ್ ಲೀಗಿನ ವೇಳಾಪಟ್ಟಿ ಬಂದಾಗ ಅದರಲ್ಲಿ ಇರುವುದು ಯಾವ ವಾರಾಂತ್ಯ ಅನ್ನುವುದು ಮಾತ್ರ. ಶುಕ್ರವಾರವೋ ಶನಿವಾರವೋ ಭಾನುವಾರವೋ, ಎಷ್ಟು ಗಂಟೆಗೋ ಅನ್ನುವುದು ಟಿವಿಯವರು ಆರಿಸಿದ ಮೇಲೆ, ಪಂದ್ಯಕ್ಕೆ ಕೆಲವೇ ವಾರ ಮುಂಚೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ರದ್ದು ಮಾಡಲಾಗದ ಯಾವ ಬುಕಿಂಗೂ ಬೇಡ.

ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ನೇರ ಟಿಜಿವಿ (ಅತಿವೇಗದ ರೈಲು) ಇದೆ, ಸುಮಾರು ಒಂದೂಕಾಲು ಗಂಟೆ. ನೇರ ರೈಲು ಎಲ್ಲ ಹೊತ್ತಿಗೂ ಇಲ್ಲ, ಸಿಗದಿದ್ದರೆ ಹತ್ತಿರದ ಆರಾಸ್ ನಗರದಲ್ಲಿ ಇಳಿದು ಲೋಕಲ್ ಹಿಡಿಯಿರಿ. ಮಧ್ಯಾಹ್ನದ ಪಂದ್ಯವಾದರೆ ಒಂದೇ ದಿನದಲ್ಲಿ ಹೋಗಿ ಬರಬಹುದು. ರಾತ್ರಿ ಪಂದ್ಯ ಮುಗಿಯುವಾಗ ಹನ್ನೊಂದರ ಹತ್ತಿರ. ಆಮೇಲೆ ಪ್ಯಾರಿಸ್‌ಗೆ ರೈಲು ಇಲ್ಲ ಎಂದೇ ಲೆಕ್ಕ ಹಾಕಿ, ಲಾನ್ಸ್‌ನಲ್ಲೇ ಉಳಿಯಿರಿ. ಪಂದ್ಯದ ರಾತ್ರಿ ರೂಮುಗಳು ಬೇಗ ತುಂಬುತ್ತವೆ, ಆರಾಸ್ ಎರಡನೇ ಆಯ್ಕೆ.

ಇಳಿದ ತಕ್ಷಣ ಹೊರಗೆ ಓಡಬೇಡಿ, ರಸ್ತೆ ದಾಟಿ ಹಿಂದೆ ತಿರುಗಿ ನಿಲ್ದಾಣವನ್ನೇ ನೋಡಿ. 1927ರಲ್ಲಿ ಉರ್ಬೆಂ ಕಾಸಾನ್ ವಿನ್ಯಾಸ ಮಾಡಿದ್ದು, ಇಡೀ ಕಟ್ಟಡಕ್ಕೆ ಉಗಿಬಂಡಿಯ ಆಕಾರ. ಗಡಿಯಾರದ ಗೋಪುರವೇ ಹೊಗೆ ಕೊಳವೆ, ಕೆಳಗಿನ ಕಮಾನುಗಳೇ ಗಾಲಿ. ಒಂದು ಸಲ ಗೊತ್ತಾದರೆ ಮತ್ತೆ ಬೇರೆ ರೀತಿ ಕಾಣುವುದೇ ಇಲ್ಲ.

ಅಲ್ಲಿಂದ ಪ್ಯಾರಿಸ್‌ನ ಲೂವ್ರ್‌ನ ಶಾಖೆಯಾದ ಲೂವ್ರ್-ಲಾನ್ಸ್ ಮ್ಯೂಸಿಯಂಗೆ ನಡೆಯಿರಿ, ಇಪ್ಪತ್ತು-ಇಪ್ಪತ್ತೈದು ನಿಮಿಷ. 2012ರ ಡಿಸೆಂಬರ್‌ನಲ್ಲಿ ತೆರೆದದ್ದು, ವಿನ್ಯಾಸ ಮಾಡಿದವರು ಜಪಾನಿನ ಸಾನಾ ಸಂಸ್ಥೆ. ಅದು ನಿಂತಿರುವುದು 9ನೇ ನಂಬರ್ ಗಣಿಬಾವಿಯ ಅಂಗಳದ ಮೇಲೆ. ತೋಟದಲ್ಲಿ ನಡೆಯುವ ದಾರಿಗಳ ಜಾಡು ಕಲ್ಲಿದ್ದಲು ಸಾಗಿಸುತ್ತಿದ್ದ ಹಳಿಗಳದು. ಕಟ್ಟಡವೆಲ್ಲ ಒಂದೇ ಅಂತಸ್ತು, ಅಲ್ಯೂಮಿನಿಯಂ ಮತ್ತು ಗಾಜು. ಗೋಡೆಯಲ್ಲಿ ಮರಗಳ ನೆರಳು ಮಸುಕಾಗಿ ಮೂಡುತ್ತದೆ. ಒಳಗಿನ "ಕಾಲದ ಗ್ಯಾಲರಿ" ಸುಮಾರು 3,000 ಚದರ ಮೀಟರಿನ ಒಂದೇ ಹಾಲ್, ಪ್ರವೇಶ ಉಚಿತ. ಮಂಗಳವಾರ ರಜೆ, ಇದನ್ನು ಮರೆತು ಹೋಗುವವರು ತುಂಬಾ.

ಮ್ಯೂಸಿಯಂ ನೋಡಿದ ಮೇಲೆ ಸೀದಾ ಮೈದಾನಕ್ಕೆ ಹೋಗದೆ ಪಕ್ಕದ 9ನೇ ನಂಬರ್ ಬಡಾವಣೆಯೊಳಗೆ ಅರ್ಧ ಗಂಟೆ ಸುತ್ತಿ. ಮನೆಗಳನ್ನು ಓದುವುದು ಸುಲಭ. ಗೋಡೆಗೆ ಗೋಡೆ ತಾಗಿ ಉದ್ದಕ್ಕೆ ಸಾಲಾಗಿ ಇದ್ದರೆ "ಕೊರೊನ್", ಹತ್ತೊಂಬತ್ತನೇ ಶತಮಾನದ ಪದ್ಧತಿ. ಎರಡು ಅಥವಾ ನಾಲ್ಕು ಮನೆ ಸೇರಿ ಒಂದು ಕಟ್ಟಡ, ಸುತ್ತ ತೋಟ ಇದ್ದರೆ ಆಮೇಲಿನದು. ರಸ್ತೆಯೂ ಬಾಗಿ ಹೋಗುತ್ತಿದ್ದರೆ ತೋಟನಗರ ಮಾದರಿ. ತೋಟ ಕೊಟ್ಟದ್ದು ಸುಮ್ಮನೆ ಅಲ್ಲ. ಪಾಳಿ ಮುಗಿಸಿದವನು ಆಲೂಗಡ್ಡೆ ಗಿಡಕ್ಕೆ ಮಣ್ಣು ಏರಿಸುತ್ತ ಮನೆಯಲ್ಲೇ ಇರಲಿ, ಹೆಂಡದ ಅಂಗಡಿಗೂ ಸಂಘದ ಸಭೆಗೂ ಹೋಗದಿರಲಿ ಅಂತ. ಬಡಾವಣೆಯ ಸೇಂಟ್ ಥಿಯೊಡೋರ್ ಚರ್ಚೂ ಕಂಪನಿಯ ಕಾಣಿಕೆಯೇ. ಮೈದಾನ ಇಲ್ಲಿಂದ ಹತ್ತು-ಹದಿನೈದು ನಿಮಿಷದ ನಡಿಗೆ. ಬಾವಿ, ಮನೆ, ಚರ್ಚು, ಮೈದಾನ ಎಲ್ಲ ಒಂದೇ ಕೈಯವರ ಯೋಜನೆ ಅನ್ನುವುದು ಕಾಲಿಗೇ ಗೊತ್ತಾಗುತ್ತದೆ. ಇದೇ ಕ್ರಮದಲ್ಲಿ ನಡೆಯಿರಿ ಅಂತ ಹೇಳುತ್ತಿರುವುದು ಅದಕ್ಕೇ.

ಊಟ ಪಂದ್ಯಕ್ಕೆ ಮುಂಚೆಯೇ ಮುಗಿಸಿ. ಮೈದಾನದ ಸುತ್ತ ಆಲೂಗಡ್ಡೆ ಫ್ರೈಸ್ ಗಾಡಿಗಳಿರುತ್ತವೆ. ಜೊತೆಗೆ ಕೊಡುವ ಫ್ರಿಕಡೆಲ್ ಅನ್ನುವುದು ಮಾಂಸದ ಖೀಮಾವನ್ನು ಉದ್ದಕ್ಕೆ ಮಾಡಿ ಕರಿದದ್ದು. ಸಸ್ಯಾಹಾರಿಗಳು ಫ್ರೈಸ್ ಯಾವುದರಲ್ಲಿ ಕರಿದದ್ದು ಅಂತ ಕೇಳಿಯೇ ತೆಗೆದುಕೊಳ್ಳಿ, ಆ ಕಡೆ ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಹಳೆಯದು. ದೊಡ್ಡ ಬ್ಯಾಗು ತರಬೇಡಿ, ಗೇಟಿನಲ್ಲಿ ತಡೆಯುತ್ತಾರೆ.

ಮೈದಾನದಂಚು:

ಇಬ್ಬರಿಗೂ ತುಂಬಾ ಧನ್ಯವಾದ. ಕೋಪಾ ವಿಷಯ ಇಷ್ಟು ದಿನ ತಪ್ಪೇ ತಿಳಿದುಕೊಂಡಿದ್ದೆ. ಇನ್ನೆರಡು ಕೇಳುತ್ತೇನೆ. ಯಾವ ಸ್ಟ್ಯಾಂಡಿನಲ್ಲಿ ಸೀಟು ತೆಗೆಯಬೇಕು? ಫೋಟೋಗಳಲ್ಲಿ ಕಾಣುವ ಎರಡು ಕಪ್ಪು ಗುಡ್ಡ ಹತ್ತಬಹುದೇ, ಮಳೆ ಇದ್ದರೆ?

ಎಡವಿಂಗ್:

ಸೀಟಿನ ವಿಷಯ ನಾನು ಹೇಳುತ್ತೇನೆ.

ಬೇರೆ ಕಡೆ ಜೋರು ಅಭಿಮಾನಿಗಳು ಗೋಲಿನ ಹಿಂದೆ ಇರುತ್ತಾರೆ. ಬೊಲ್ಲಾರ್ಟ್‌ನಲ್ಲಿ ಹಾಗಲ್ಲ. ಅಲ್ಲಿ ಅವರ ಜಾಗ ಮೈದಾನದ ಉದ್ದಕ್ಕೆ ಇರುವ ಮಾರೆಕ್ ಸ್ಟ್ಯಾಂಡು. ಆಸ್ಟ್ರಿಯಾದಿಂದ ಬಂದು ಇಲ್ಲೇ ನೆಲೆಸಿದ ಆಟಗಾರ ಮಾರೆಕ್ ಹೆಸರು. ಟಿವಿಯಲ್ಲಿ ಲಾನ್ಸ್ ಪಂದ್ಯ ಅಷ್ಟು ಅಬ್ಬರವಾಗಿ ಕಾಣಲು ಇದೂ ಒಂದು ಕಾರಣ. ಆ ಸ್ಟ್ಯಾಂಡಿನಲ್ಲಿ ಟಿಕೆಟ್ ತೆಗೆದರೆ ತೊಂಬತ್ತು ನಿಮಿಷವೂ ನಿಂತೇ ನೋಡಬೇಕು, ದೊಡ್ಡ ಬಾವುಟ ಬೀಸುವಾಗ ಆಟ ಕಾಣದೆಯೂ ಹೋಗಬಹುದು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಅದರ ಎದುರಿನ ಉದ್ದದ ಸ್ಟ್ಯಾಂಡು, ಇಲ್ಲವಾದರೆ ಗೋಲಿನ ಹಿಂದಿನ ಮೇಲಂತಸ್ತು. ಆಟವೂ ಕಾಣುತ್ತದೆ, ಮಾರೆಕ್ ಕೂಡ ಪೂರ್ತಿ ಕಾಣುತ್ತದೆ. ನಾಲ್ಕು ಸ್ಟ್ಯಾಂಡೂ ಬಿಡಿಬಿಡಿ, ಮೈದಾನದ ಗೆರೆಗೆ ತೀರಾ ಹತ್ತಿರ, ಮಧ್ಯೆ ಓಟದ ಟ್ರ್ಯಾಕ್ ಇಲ್ಲ. ಹಾಗಾಗಿ ಕೆಟ್ಟ ಸೀಟು ಅಂತ ಕಡಿಮೆ. ಗಾಳಿ ಮಾತ್ರ ಮೂಲೆಗಳಿಂದ ನುಗ್ಗುತ್ತದೆ, ನವೆಂಬರ್ ಮೇಲೆ ಹೋದರೆ ಟೋಪಿ, ಕೈಗವಸು ಬೇಕೇ ಬೇಕು.

ಟಿಕೆಟ್ ಮಾರಾಟಕ್ಕೆ ಬಿಟ್ಟ ದಿನವೇ ಪ್ರಯತ್ನಿಸಿ. ಸಿಗದಿದ್ದರೆ ಪಂದ್ಯ ಹತ್ತಿರ ಬಂದಾಗ ಸೀಸನ್ ಟಿಕೆಟ್‌ನವರು ಬರಲಾಗದೆ ಬಿಟ್ಟುಕೊಡುವ ಸೀಟುಗಳು ಕ್ಲಬ್ಬಿನ ಸ್ವಂತ ಸೈಟಿನಲ್ಲೇ ಮರುಮಾರಾಟಕ್ಕೆ ಬರುತ್ತವೆ. ಬೇರೆ ಸೈಟುಗಳಲ್ಲಿ ಕೊಳ್ಳಬೇಡಿ, ಗೇಟಿನಲ್ಲಿ ಆ ಟಿಕೆಟ್ ನಡೆಯದಿದ್ದರೆ ಕೇಳುವವರಿಲ್ಲ. ಹತ್ತಿರದ ಲೀಲ್ ನಗರದ ತಂಡದ ವಿರುದ್ಧದ ಪಂದ್ಯ ಮೊದಲ ಭೇಟಿಗೆ ಬೇಡ. ಬಟ್ಟೆ ಗಿರಣಿ, ಬ್ಯಾಂಕುಗಳ ದೊಡ್ಡ ನಗರ ಒಂದು ಕಡೆ, ಗಣಿ ಸೀಮೆ ಇನ್ನೊಂದು ಕಡೆ ಅನ್ನುವ ಹಳೆಯ ಬಿಸಿ ಅದರಲ್ಲಿ ಇನ್ನೂ ಇದೆ. ಟಿಕೆಟ್ಟೂ ಕಷ್ಟ, ಪೊಲೀಸ್ ಕಟ್ಟುಪಾಡೂ ಜಾಸ್ತಿ.

ಮಧ್ಯಂತರ ಮುಗಿಯುವ ಹೊತ್ತಿಗೆ ಫೋನು, ಕಾಫಿ ಏನೇ ಇದ್ದರೂ ಬಿಟ್ಟು ಸೀಟಿಗೆ ಬನ್ನಿ. ಗಣಿಗಾರರ ಸಾಲುಮನೆಗಳ ಮೇಲಿನ ಹಾಡೊಂದನ್ನು ಇಡೀ ಮೈದಾನ ಶಾಲು ಎತ್ತಿ ಹಿಡಿದು ಹಾಡುತ್ತದೆ. ಮೊದಲು ಧ್ವನಿವರ್ಧಕ, ಆಮೇಲೆ ಅದು ನಿಂತು ಬರಿ ಜನರ ದನಿ. ಡಿಸೆಂಬರ್ 4 ಗಣಿಗಾರರ ರಕ್ಷಕಿ ಸಾಂತ್ ಬಾರ್ಬ್‌ಳ ಹಬ್ಬ. ಅದರ ಹತ್ತಿರದ ದಿನದಲ್ಲಿ ಬರುವ ತವರಿನ ಪಂದ್ಯಕ್ಕೆ ಕ್ಲಬ್ ಗಣಿಯ ನೆನಪಿನ ವಿಶೇಷ ಜೆರ್ಸಿ ತೊಡುವುದಿದೆ. ದಿನಾಂಕ ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ನಾನಾದರೆ ಅದನ್ನೇ ಹೇಳುತ್ತೇನೆ. ಎದೆಯ ಮೇಲಿನ ಲಾಂಛನದಲ್ಲಿ ಗಣಿದೀಪ ಇರುವುದನ್ನು ಗಮನಿಸಿ. ಆ ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಇರುತ್ತಿತ್ತು. ಬಲೆ ಉರಿಯ ಶಾಖವನ್ನು ಹೀರಿಕೊಂಡು ಹೊರಗಿನ ಮೀಥೇನ್ ಹೊತ್ತದಂತೆ ತಡೆಯುತ್ತಿತ್ತು, ಜ್ವಾಲೆಯ ಮೇಲೆ ನೀಲಿ ಟೋಪಿ ಕಂಡರೆ ಗ್ಯಾಸ್ ಇದೆ ಅಂತ ಗುರುತು.

ಕಣ ಅವರು ಬಿಟ್ಟ ಒಂದು ವಿಷಯ ಸೇರಿಸುತ್ತೇನೆ. 1998ರಲ್ಲಿ ಲಾನ್ಸ್ ಲೀಗ್ ಗೆದ್ದದ್ದು ಮೆಟ್ಜ್ ಜೊತೆ 68 ಅಂಕ ಸಮವಾಗಿ, ಗೋಲು ಅಂತರದ ಮೇಲೆ. ಕೊನೆಯ ದಿನ ಓಸೇರ್‌ನಲ್ಲಿ 1–1, ಸಮಗೋಲು ಯೋಆನ್ ಲಾಶೋರ್‌ದು. ಕೋಚ್ ಡೇನಿಯಲ್ ಲೆಕ್ಲೆರ್ಕ್. ಅದಾದ ಕೆಲವೇ ವಾರಕ್ಕೆ ವಿಶ್ವಕಪ್ಪಿನಲ್ಲಿ ಫ್ರಾನ್ಸ್-ಪರಾಗ್ವೆ ಪಂದ್ಯ ಇದೇ ಬೊಲ್ಲಾರ್ಟ್‌ನಲ್ಲಿ, ಲೊರಾಂ ಬ್ಲಾಂ ಹೊಡೆದ ವಿಶ್ವಕಪ್ಪಿನ ಮೊದಲ ಗೋಲ್ಡನ್ ಗೋಲ್ (ಹೆಚ್ಚುವರಿ ಸಮಯದಲ್ಲಿ ಬಿದ್ದ ಕೂಡಲೇ ಪಂದ್ಯ ಮುಗಿಸುವ ಗೋಲು) ಆ ಹುಲ್ಲಿನ ಮೇಲೆ. 2023ರಲ್ಲಿ 84 ಅಂಕ ಪಡೆದು ಪ್ಯಾರಿಸ್‌ಗಿಂತ ಒಂದೇ ಅಂಕ ಹಿಂದೆ ನಿಂತರು. ಅಭ್ಯಾಸ ಕೇಂದ್ರ ಇರುವುದು ಆವಿಯೋಂನಲ್ಲಿ, ಹೆಸರು ಲಾ ಗಯೆಟ್, ಅಂದರೆ ಕಲ್ಲಿದ್ದಲಿನ ಉಂಡೆ. ಫ್ರಾನ್ಸ್ ತಂಡದ ರಕ್ಷಣಾ ಆಟಗಾರನಾಗಿದ್ದ ರಫಾಯೆಲ್ ವರಾನ್ ಬೆಳೆದು ಬಂದದ್ದು ಈ ಕ್ಲಬ್ಬಿನಿಂದಲೇ.

ಭೂಪದರ:

ಗುಡ್ಡದ ಪ್ರಶ್ನೆಗೆ ಉತ್ತರ. ಅವು ಗುಡ್ಡವಲ್ಲ, ಗಣಿಯಿಂದ ಕಲ್ಲಿದ್ದಲಿನ ಜೊತೆ ಮೇಲೆ ಬಂದ ಬೇಡದ ಕಲ್ಲಿನ ರಾಶಿ. ಅಲ್ಲಿ "ತೆರಿ" ಅನ್ನುತ್ತಾರೆ. ಲೋಸ್-ಅನ್-ಗೊಯೆಲ್‌ನ ಜೋಡಿ ರಾಶಿ 11/19 ನಂಬರ್ ಗಣಿಯದು, ಆ ಗಣಿ ಮುಚ್ಚಿದ್ದು 1986ರಲ್ಲಿ. ಬುಡದಿಂದ ಎತ್ತರ ಸುಮಾರು 146 ಮೀಟರ್. ಲೂವ್ರ್-ಲಾನ್ಸ್‌ನಿಂದ ಮೂರು-ನಾಲ್ಕು ಕಿ.ಮೀ. ಹೋಗಬಹುದು, ಹತ್ತಬಹುದು, ದುಡ್ಡು ಕೊಡಬೇಕಿಲ್ಲ. ಬುಡದಿಂದ ತುದಿಗೆ ನಿಧಾನವಾಗಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಮಳೆ ಬಂದಿದ್ದರೆ ನನ್ನ ಅಭಿಪ್ರಾಯದಲ್ಲಿ ಹತ್ತುವುದು ಬೇಡ. ಕಲ್ಲು ಜೇಡಿ ಜಾತಿಯ ಶಿಸ್ಟ್, ಪದರ ಪದರವಾಗಿ ಚೂರಾಗುತ್ತದೆ. ಒಣಗಿದಾಗ ಕಾಲಡಿ ಜಾರುವ ಜಲ್ಲಿ, ನೆನೆದಾಗ ಮೇಲ್ಪದರ ಲೋಳೆ. ಹತ್ತುವುದಕ್ಕಿಂತ ಇಳಿಯುವಾಗ ಬೀಳುವವರು ಜಾಸ್ತಿ. ಗಟ್ಟಿ ಹಲ್ಲಿನ ಶೂ ಇರಲಿ, ಗುರುತು ಮಾಡಿದ ದಾರಿ ಬಿಟ್ಟು ಅಡ್ಡ ಇಳಿಯಬೇಡಿ. ಒಬ್ಬರು ಇಳಿದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ, ಇಳಿಜಾರನ್ನು ಹಿಡಿದಿಟ್ಟ ಗಿಡಗಳು ಕಿತ್ತುಹೋಗುತ್ತವೆ. ಬೇಸಿಗೆಯಲ್ಲಿ ತೊಂದರೆ ಬೇರೆ. ಕಪ್ಪು ಕಲ್ಲು ಬಿಸಿಲು ಹೀರಿ ಹೆಂಚಿನಂತೆ ಕಾಯುತ್ತದೆ, ನೆರಳಿಲ್ಲ, ನೀರು ಒಯ್ಯಿರಿ.

ಹತ್ತುವಾಗ ಕೈಗೊಂದು ಚೂರು ಎತ್ತಿಕೊಂಡು ನೋಡಿ. ಕಪ್ಪು ಚೂರಿನ ಪಕ್ಕದಲ್ಲೇ ಇಟ್ಟಿಗೆ ಕೆಂಪಿನ ಚೂರು ಸಿಗುತ್ತದೆ. ಎರಡೂ ಒಂದೇ ಕಲ್ಲು. ರಾಶಿಯಲ್ಲಿ ಉಳಿದ ಕಲ್ಲಿದ್ದಲ ಪುಡಿ ಮತ್ತು ಗಂಧಕದ ಖನಿಜ ಗಾಳಿ ತಾಗಿ ತಾನಾಗಿ ಬಿಸಿಯಾಗಿ ಒಳಗೇ ಹೊತ್ತಿಕೊಳ್ಳುತ್ತದೆ, ವರ್ಷಗಟ್ಟಲೆ ಉರಿಯುತ್ತದೆ. ಹಾಗೆ ಸುಟ್ಟದ್ದು ಕೆಂಪಾಗುತ್ತದೆ, ಗಟ್ಟಿಯಾಗುತ್ತದೆ. ಉರಿಯುವ ರಾಶಿಗೆ ನೀರು ಇಳಿದರೆ ಅಪಾಯ. 1975ರಲ್ಲಿ ಕಲೋನ್-ರಿಕುವಾರ್‌ನಲ್ಲಿ ಒಂದು ತೆರಿ ಹಾಗೇ ಸ್ಫೋಟಿಸಿ ಪಕ್ಕದ ಮನೆಗಳ ಮೇಲೆ ಬಿದ್ದು ಜನ ಸತ್ತರು. ಬೇಲಿ ಹಾಕಿ ಪ್ರವೇಶ ಬೇಡ ಅಂದ ರಾಶಿಗಳಿಗೆ ಹೋಗಬಾರದು ಅನ್ನುವುದು ಇದೇ ಕಾರಣಕ್ಕೆ.

ಆ ಕೆಂಪು ಶಿಸ್ಟಿಗೂ ಫುಟ್‌ಬಾಲಿಗೂ ನೇರ ಸಂಬಂಧ ಇದೆ, ಇದನ್ನು ಹೇಳುವವರು ಕಡಿಮೆ. ಆ ಸೀಮೆಯ ಸಣ್ಣ ತಂಡಗಳ ಎಷ್ಟೋ ಮೈದಾನ ಹುಲ್ಲಿನದಲ್ಲ, ಈ ಸುಟ್ಟ ಶಿಸ್ಟಿನದು. ಕೆಳಗೆ ದಪ್ಪ ಜಲ್ಲಿ, ಮೇಲೆ ಜರಡಿ ಹಿಡಿದ ಸಣ್ಣದು, ನೀರು ಹೊಡೆದು ರೋಲರ್ ಹಾಯಿಸುವುದು. ನೀರು ಬೇಗ ಇಂಗುವುದರಿಂದ ಚಳಿಗಾಲದ ಮಳೆಯಲ್ಲೂ ಆಡಬಹುದು. ಅಲ್ಲಿನ ಜೇಡಿಮಣ್ಣಿನ ಮೇಲಿನ ಹುಲ್ಲು ಆ ಹೊತ್ತಿಗೆ ಕೆಸರುಗದ್ದೆ ಆಗಿರುತ್ತದೆ. ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಧೂಳು, ಹಿಮ ಕಟ್ಟಿದರೆ ಕಾಂಕ್ರೀಟು. ಜಾರಿ ಟ್ಯಾಕಲ್ ಮಾಡಿದರೆ ತೊಡೆಯ ಚರ್ಮ ಕಿತ್ತು, ಗಾಯದೊಳಗೆ ಕೆಂಪು ಹರಳು ಕೂರುತ್ತದೆ. ತಕ್ಷಣ ಬ್ರಷ್ ಹಾಕಿ ತೊಳೆಯದಿದ್ದರೆ ಚರ್ಮದಡಿಯಲ್ಲೇ ಉಳಿಯುತ್ತದೆ. ಗಣಿಗಾರರ ಮೈಮೇಲೆ ಗಾಯದೊಳಗೆ ಕಲ್ಲಿದ್ದಲು ಕೂತು ನೀಲಿ ಗೆರೆ ಬೀಳುತ್ತಿದ್ದದ್ದೂ ಹೀಗೆಯೇ.

ಇನ್ನು ನೆಲದಡಿಯ ವಿಷಯ. ಲಾನ್ಸ್ ಸುತ್ತ ಎಲ್ಲೂ ನಿಜವಾದ ಗಣಿಯೊಳಗೆ ಇಳಿಯಲು ಆಗುವುದಿಲ್ಲ. ಮುಚ್ಚುವಾಗ ಬಾವಿಗಳಿಗೆ ಕಲ್ಲುಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಮುಚ್ಚಳ ಹಾಕಿದ್ದಾರೆ, ಸುರಂಗಗಳಿಗೆ ನೀರು ಏರುತ್ತಿದೆ. ಆದರೂ ಗಣಿ ಬಿಟ್ಟುಹೋದ ತೊಂದರೆಗಳನ್ನು ನೋಡಿಕೊಳ್ಳುವ ಕೆಲಸ ನಿಂತಿಲ್ಲ. ಕಲ್ಲಿದ್ದಲ ಪದರ ತೆಗೆದು ಚಾವಣಿ ಕುಸಿಯಲು ಬಿಟ್ಟ ಕಡೆ ಮೇಲಿನ ನೆಲವೂ ಇಳಿಯುತ್ತದೆ, ಕೆಲವು ಬಡಾವಣೆ ಸುತ್ತಲಿನ ಹೊಳೆಗಳಿಗಿಂತ ಕೆಳಗೆ ಹೋಗಿವೆ. ಅಲ್ಲಿ ಮಳೆನೀರು ತಾನಾಗಿ ಹರಿದು ಹೋಗುವುದಿಲ್ಲ, ಪಂಪಿನಿಂದ ಎತ್ತಿ ಹಾಕಬೇಕು. ಪಂಪ್ ನಿಂತರೆ ಬೀದಿಯೇ ಕೆರೆ. ಈ ಹೊಣೆ 2008ರಿಂದ ರಾಷ್ಟ್ರೀಯ ಭೂಗರ್ಭ ಸಂಸ್ಥೆ ಬಿಆರ್‌ಜಿಎಂ ಮೇಲಿದೆ, ಮುಗಿಯುವ ದಿನ ಅಂತ ಇಲ್ಲ.

ಗ್ಯಾಸ್ ಕೂಡ ಹಾಗೇ. ಹಳೆಯ ಸುರಂಗಗಳಲ್ಲಿ ಮೀಥೇನ್ ಇನ್ನೂ ಊರುತ್ತದೆ. ಹೊರಗಿನ ವಾಯುಭಾರ ಇಳಿದ ದಿನ ಅದು ಮೇಲಕ್ಕೆ ಉಸಿರು ಬಿಡುತ್ತದೆ, ಏರಿದ ದಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮನೆಗಳ ನೆಲಮಾಳಿಗೆಗೆ ನುಗ್ಗದಿರಲಿ ಅಂತ ಅಲ್ಲಲ್ಲಿ ಬೋರು ಕೊರೆದು ಗಾಳಿಕೊಳವೆ ನಿಲ್ಲಿಸಿದ್ದಾರೆ. ಸಣ್ಣ ಬೇಲಿಯೊಳಗೆ ಎತ್ತರದ ಒಂಟಿ ಕಬ್ಬಿಣದ ಕೊಳವೆ ಕಂಡರೆ ಅದೇ, ಹತ್ತಿರ ನಿಂತು ಸಿಗರೇಟು ಹಚ್ಚಬೇಡಿ. ಆವಿಯೋಂನಲ್ಲಿ ಈ ಗ್ಯಾಸನ್ನು ಹೀರಿ ಬಳಕೆಗೂ ತರುತ್ತಾರೆ, ತಂಡ ಅಭ್ಯಾಸ ಮಾಡುವ ಅದೇ ಊರಿನಲ್ಲಿ.

ಹಳಿಗುಂಟ:

ಭೂಪದರ ಅವರ ಮಾತಿಗೆ ಒಂದು ಸೇರ್ಪಡೆ. ಸುರಂಗ ಹೇಗಿರುತ್ತದೆ ಅಂತ ನೋಡಲೇಬೇಕಿದ್ದರೆ ಡುವೆ ಹತ್ತಿರದ ಲೆವಾರ್ಡ್‌ನಲ್ಲಿ ಗಣಿ ಚರಿತ್ರೆಯ ಕೇಂದ್ರ ಇದೆ, 1971ರಲ್ಲಿ ಕೆಲಸ ನಿಂತ ಡೆಲ್ಲೊಯ್ ಗಣಿಯ ಜಾಗದಲ್ಲಿ. ಲಿಫ್ಟಿನಲ್ಲಿ ಇಳಿದಂತೆ ಅನಿಸುತ್ತದೆ, ನಿಜಕ್ಕೂ ನೋಡುವುದು ಮರುನಿರ್ಮಿಸಿದ ಸುರಂಗ. ಆದರೆ ಯಂತ್ರ, ಚಾವಣಿಗೆ ಕೊಟ್ಟ ಮರದ ಆಸರೆ, ಕಲ್ಲಿದ್ದಲು ಬೇರ್ಪಡಿಸುವ ಸಾಲು, ಸ್ನಾನದ ಹಾಲ್ ಎಲ್ಲ ಸರಿಯಾದ ಅಳತೆಯವು. ಹಾಲಿನ ಚಾವಣಿಯಿಂದ ಸರಪಳಿಯಲ್ಲಿ ತೂಗುವ ಕೊಕ್ಕೆಗಳನ್ನು ನೋಡಿ. ಕೆಲಸದ ಬಟ್ಟೆಯನ್ನು ಅದಕ್ಕೆ ಸಿಕ್ಕಿಸಿ ಮೇಲಕ್ಕೆ ಎಳೆದರೆ ಬಿಸಿಗಾಳಿಗೆ ಒಣಗುತ್ತಿತ್ತು, ಕಳ್ಳತನವೂ ಆಗುತ್ತಿರಲಿಲ್ಲ. ಅರ್ಧ ದಿನ ಬೇಕು, ಪಂದ್ಯದ ದಿನಕ್ಕೆ ಸೇರಿಸಬೇಡಿ. ಮಾರನೇ ದಿನ ಇಟ್ಟುಕೊಳ್ಳಿ, ನಿಮಗೆ ತಿಳಿಯುವ ಭಾಷೆಯಲ್ಲಿ ಸುತ್ತಾಡಿಸುವ ಗುಂಪು ಯಾವ ಹೊತ್ತಿಗೆ ಅಂತ ಮೊದಲೇ ವಿಚಾರಿಸಿ.

ಮಳೆ ಬಂದು ತೆರಿ ಹತ್ತಲಾಗದಿದ್ದರೆ ಲಾನ್ಸ್‌ನಲ್ಲೇ ಗಣಿ ಕಂಪನಿಯ ಹಳೆಯ ಮುಖ್ಯ ಕಚೇರಿ ಇದೆ, ಈಗ ಆರ್ತುವಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜು. ಮುಂದಿನ ತೋಟದಿಂದ ಇಡೀ ಇಟ್ಟಿಗೆ ಮುಖ ಕಾಣುತ್ತದೆ, ಮೈದಾನದಿಂದ ನಡೆದೇ ಹೋಗಬಹುದು.